ಚಾವಟಿಯೇಟಿನ ಕತ್ತು

ನಿಂತಿರುವ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ಡಿಕ್ಕಿ ಹೊಡೆಯಿತೆನ್ನಿ. ಆಸನವು ಮುಂಡವನ್ನು ಥಟ್ಟನೆ ಮುಂದಕ್ಕೆ ತಳ್ಳುತ್ತದೆ. ತಲೆಯಾದರೋ ಜಡತ್ವದಿಂದಾಗಿ ಹಿಂದುಳಿಯುತ್ತದೆ. ನಡುವೆ ಸಿಕ್ಕಿದ ಕತ್ತು ಮೊದಲು ಹಿಂದಕ್ಕೂ ಮರುಕ್ಷಣ ಮುಂದಕ್ಕೂ ಚಾವಟಿಯಂತೆ ಬಳುಕಿ ನೋಯುತ್ತದೆ. ಇದಕ್ಕೇ ‘ವಿಪ್‌ಲ್ಯಾಶ್’ ಎಂದು ಹೆಸರು.

ಹಿಂದೆ ಇಂಥವರ ಕೊರಳಿಗೆ ಮೆತ್ತನೆಯ ಪಟ್ಟಿ ತೊಡಿಸಿ ವಿಶ್ರಾಂತಿ ವಿಧಿಸುವುದು ವಾಡಿಕೆಯಾಗಿತ್ತು. ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ ಕತ್ತನ್ನು ಮೆಲ್ಲನೆ ಆಡಿಸುತ್ತಿರುವುದೇ ಲೇಸೆಂಬುದು ಇಂದಿನ ಮತ. ಹಾಗಾದರೆ ತುರ್ತು ಚಿಕಿತ್ಸಾ ವಿಭಾಗದ ವೈದ್ಯರಿಗೂ ದಾದಿಯರಿಗೂ ಈ ಕ್ರಮವನ್ನು ವಿಶೇಷವಾಗಿ ಕಲಿಸಿದರೆ ರೋಗಿಗಳು ಇನ್ನೂ ಚೆನ್ನಾಗಿ ಗುಣ ಹೊಂದಲಾರರೆ?

ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷಿಸಿಯೇ ನೋಡಿದರು. 12 ಆಸ್ಪತ್ರೆ ಸಂಸ್ಥೆಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿನ ಸಿಬ್ಬಂದಿಗೆ ತರಬೇತಿಯಿತ್ತರು. ಉಳಿದೆಡೆ ವಾಡಿಕೆಯ ಆರೈಕೆಯೇ ನಡೆಯಿತು. ಒಟ್ಟು 3,851 ರೋಗಿಗಳು ಇದರಲ್ಲಿ ಸೇರಿದ್ದರು. 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಹೊರಬಿದ್ದಿತು: ವರ್ಷದ ಕೊನೆಗೆ ಎರಡು ಗುಂಪುಗಳಿಗೂ ಗಣನೀಯ ಭೇದವಿರಲಿಲ್ಲ! ನೋವು ಉಳಿದವರಲ್ಲಿ ಆರು ಬಾರಿಯವರೆಗೆ ಭೌತಚಿಕಿತ್ಸೆ ಪಡೆದವರು, ಒಂದೇ ಬಾರಿ ಸಲಹೆ ಪಡೆದವರಿಗಿಂತ ಮೊದಮೊದಲು ತುಸು ಮುಂದಿದ್ದರು. ವರ್ಷ ತುಂಬುವಷ್ಟರಲ್ಲಿ ಆ ಅಂತರವೂ ಅಳಿಯಿತು.

ಹಾಗಾದರೆ ಶ್ರಮವೆಲ್ಲ ವ್ಯರ್ಥವಾಯಿತೆ? ಇಲ್ಲ. ಪರೀಕ್ಷಿಸದೆ ಎಲ್ಲೆಡೆ ಜಾರಿಗೆ ತಂದಿದ್ದರೆ, ಇತರ ರೋಗಿಗಳಿಗೆ ಸಲ್ಲಬೇಕಾದ ಹಣವೂ ಹೊತ್ತೂ ಇದಕ್ಕೆ ವೆಚ್ಚವಾಗುತ್ತಿದ್ದವು. ಒಳ್ಳೆಯದೆಂದು ತೋರುವುದೆಲ್ಲ ಫಲ ಕೊಡುವುದೆಂದಲ್ಲ. ಅದನ್ನು ಅಳೆದು ನೋಡುವುದೇ ವಿಜ್ಞಾನದ ಮಾರ್ಗ.