ನಂಬರ್ ಇದೆ, ನೆನಪಿಲ್ಲ

ನಿಮ್ಮ ಫೋನ್‌ನಲ್ಲಿ ಎಷ್ಟು ನಂಬರ್ ಇವೆ? ನನ್ನ ಫೋನ್‌ನಲ್ಲಿ 2,000 ದಾಟಿವೆ. ಶಾಸಕರು, ಅವರ ಪಿಎಗಳು, ಪೊಲೀಸರು, ಲಾಯರ್‌ಗಳು, ಎಲ್ಲರೂ ಇದ್ದಾರೆ.

ಮೊನ್ನೆ ಟ್ರಾಫಿಕ್ ಬಗ್ಗೆ ಶೂಟಿಂಗ್‌ಗೆ ಅಂತ ಸರ್ಜಾಪುರಕ್ಕೆ ಹೋಗಿದ್ದೆ. ಟೀ ಅಂಗಡಿ ಮುಂದೆ ಇಂಜಿನಿಯರಿಂಗ್ ಹಾಸ್ಟೆಲ್‌ನ ರೂಮ್‌ಮೇಟ್ ಸಿಕ್ಕ. ಕೆಲಸ ಹೋಗಿ ಏಳು ತಿಂಗಳಾಯ್ತು ಅಂದ. ‘ಒಂದು ಫೋನ್ ಮಾಡಬಾರದಿತ್ತೇನೋ?’ ಅಂದೆ. ‘ನೀನೂ ಮಾಡಬಹುದಿತ್ತಲ್ಲ’ ಅಂದ. ದಿನಾ ರಾತ್ರಿ ಊರಿಗೆಲ್ಲಾ ಪ್ರಶ್ನೆ ಕೇಳುವ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ನಂಬರ್ ನನ್ನ ಜೇಬಲ್ಲೇ ಇತ್ತು. ಆದರೆ ಫೋನ್‌ನಲ್ಲಿ ಹುಡುಕೋದು ಹೇಗೆ? ಹೆಸರು ಟೈಪ್ ಮಾಡಬೇಕು. ಹೆಸರೇ ನೆನಪಾಗದಿದ್ದರೆ? ಅಲ್ಲೇ ಇರೋದು ಸಮಸ್ಯೆ.

ಕಂಪನಿಗಳು ಇದಕ್ಕೆ ಯಾವತ್ತೋ ದಾರಿ ಕಂಡುಕೊಂಡಿವೆ. ಅವರ ಸಿಆರ್‌ಎಂ ಸಾಫ್ಟ್‌ವೇರ್‌ನಲ್ಲಿ ಪ್ರತಿ ಗ್ರಾಹಕನ ಹೆಸರಿನ ಮುಂದೆ ಕೊನೆಯ ಬಾರಿ ಮಾತಾಡಿದ ದಿನಾಂಕ ಇರುತ್ತೆ. ‘90 ದಿನದಿಂದ ಯಾರ ಜೊತೆ ಮಾತಾಡಿಲ್ಲ?’ ಅಂತ ಕೇಳಿದರೆ ಸಾಕು, ಪಟ್ಟಿ ಬರುತ್ತೆ. ಅಂದರೆ ನೆನಪಿರುವವರನ್ನಲ್ಲ, ಮರೆತವರನ್ನು ಹುಡುಕಿಕೊಡುತ್ತೆ!

ನಮಗೆ ಅಷ್ಟು ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ‘ಹಾಸ್ಟೆಲ್’, ‘ಹಳೇ ಆಫೀಸ್’, ‘ಸರ್ಜಾಪುರ’ ಅಂತ ಲೇಬಲ್ ಹಾಕಿ. ಸರ್ಜಾಪುರಕ್ಕೆ ಹೊರಡುವ ಮುನ್ನ ಆ ಲೇಬಲ್ ಒತ್ತಿದ್ದರೆ ನನಗೆ ಅವನ ಹೆಸರು ಸಿಗುತ್ತಿತ್ತು. ಜೊತೆಗೆ ಒಂದು ಎಕ್ಸೆಲ್ ಶೀಟ್ ಮಾಡಿ: ಹೆಸರು, ಕೊನೆಯ ಮಾತಿನ ದಿನಾಂಕ, ಏನು ಮಾತಾಡಿದಿರಿ. ದಿನಾಂಕದ ಪ್ರಕಾರ ಸಾರ್ಟ್ ಮಾಡಿದರೆ ಹೆಚ್ಚು ಮರೆತವರೇ ಮೇಲೆ ಬರುತ್ತಾರೆ.

2,000 ಜನರನ್ನೂ ಸೇರಿಸಬೇಡಿ. ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಸಂಬಂಧ ಉಳಿಸಿಕೊಳ್ಳಬಲ್ಲ ಅಂತಾರೆ ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್. ಈ ಲೆಕ್ಕವನ್ನು ಒಪ್ಪದವರೂ ಇದ್ದಾರೆ. ನೀವು 50ರಿಂದ ಶುರುಮಾಡಿ.

‘ಗೆಳೆತನಕ್ಕೂ ಎಕ್ಸೆಲ್ ಶೀಟಾ ಸ್ವಾಮಿ?’ ಅಂತೀರಾ? ನಮ್ಮ ಹಿರಿಯರು ಮದುವೆಯ ಮುಯ್ಯಿ ಪುಸ್ತಕ ಇಡುತ್ತಿರಲಿಲ್ಲವೇ? ಹೆಸರು, ಊರು, ಎಷ್ಟು ಮುಯ್ಯಿ, ಎಲ್ಲಾ ಅದರಲ್ಲಿ ಇರುತ್ತಿತ್ತು. ಅವರ ಮನೆಯಲ್ಲಿ ಮದುವೆ ಬಂದಾಗ ಅದನ್ನು ತೆಗೆದು ನೋಡಿ ಹೊರಡುತ್ತಿದ್ದರು. ಅದನ್ನು ಯಾರೂ ಪ್ರೀತಿ ಇಲ್ಲದ ಲೆಕ್ಕ ಅನ್ನಲಿಲ್ಲ.

ಆದರೆ ಪಟ್ಟಿ ಹೆಸರು ಕೊಡುತ್ತೆ ಅಷ್ಟೇ, ಫೋನ್ ನಾವೇ ಮಾಡಬೇಕು. ಈಗ ನಾನು ಪ್ರತಿ ಭಾನುವಾರ ಮೇಲಿನ ಎರಡು ಹೆಸರಿಗೆ ಫೋನ್ ಮಾಡ್ತೀನಿ. ಹೆಚ್ಚಿನವರು ಕೇಳುವ ಮೊದಲ ಮಾತು, ‘ಏನಾದ್ರೂ ಕೆಲಸ ಇತ್ತಾ?’

ಇಲ್ಲ, ಸುಮ್ನೆ ಮಾಡಿದೆ ಅಂತೀನಿ. ಆಮೇಲೆ ಅವರೇ ಮಾತಾಡ್ತಾರೆ.