ಸೇಬಿನ ಕೇಕಿಗೆ ಮೈಸೂರಿನ ಹದ

ಭಾದ್ರಪದದ ಮಳೆ ಹಿಂದೆ ಸರಿಯುವ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಣ್ಣಿನ ಸಾಲಿನ ಬಣ್ಣವೇ ಬದಲಾಗುತ್ತದೆ. ಮಾವಿನ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲು ಹಿಮಾಚಲದ ಸೇಬು ಬರುತ್ತದೆ, ಅದರ ಬೆನ್ನಿಗೇ ಕಾಶ್ಮೀರದ್ದು. ಗೌರಿ-ಗಣೇಶನಿಂದ ಹಿಡಿದು ಆಯುಧಪೂಜೆ, ದೀಪಾವಳಿಯವರೆಗೆ ಪೂಜೆಯ ತಟ್ಟೆಯಲ್ಲಿ ಬಾಳೆಹಣ್ಣಿನ ಪಕ್ಕ ಸೇಬೂ ಜಾಗ ಹಿಡಿಯುತ್ತದೆ.

ಹಬ್ಬ ಮುಗಿದ ಮೇಲೆ ಬಾಳೆಹಣ್ಣು ರಸಾಯನವಾಗುತ್ತದೆ, ತೆಂಗಿನಕಾಯಿ ಬರ್ಫಿಯಾಗುತ್ತದೆ. ಸೇಬು ಮಾತ್ರ ಫ್ರಿಜ್ಜಿನ ಮೂಲೆ ಸೇರಿ, ಸಿಪ್ಪೆ ಸುಕ್ಕುಗಟ್ಟಿ, ಒಳಗೆ ಹಿಟ್ಟುಹಿಟ್ಟಾಗುತ್ತದೆ. ಹಾಗೆ ಉಳಿದ ಎರಡು ಸೇಬಿಗೆ ಚಕ್ಕೆ, ಜಾಯಿಕಾಯಿ, ಬೆಲ್ಲ, ಮೈದಾ ಕೂಡಿದರೆ ಮಸಾಲೆ ಕೇಕು ಸಿದ್ಧ. ಅಮೆರಿಕ, ಯುರೋಪುಗಳಲ್ಲಿ ಎಲೆ ಉದುರುವ ಕಾಲಕ್ಕೆ ಮನೆಗಳಲ್ಲಿ ಬೇಯುವ ತಿನಿಸು ಇದು. ಸೇಬು ಬೆರೆತ ಕೇಕಿನ ಹಿಟ್ಟು ಎಷ್ಟು ನೀರು ಕುಡಿಯುತ್ತದೆ, ಎಷ್ಟು ಉಬ್ಬುತ್ತದೆ ಎಂದು ಅಳೆದು ತೂಗಿ ಬರೆದಿಟ್ಟವರಲ್ಲಿ ಮೈಸೂರಿನವರೂ ಇದ್ದಾರೆ.

ಅರಮನೆಯಲ್ಲಿ ಹಿಟ್ಟಿನ ಲೆಕ್ಕ

ನಾಲ್ವಡಿ ಕೃಷ್ಣರಾಜ ಒಡೆಯರು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮ್ಯಾನ್ಷನ್ 1950ರಲ್ಲಿ ಪ್ರಯೋಗಾಲಯವಾಯಿತು. ಆ ವರ್ಷದ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಅಲ್ಲಿ ಬಾಗಿಲು ತೆರೆಯಿತು. ಊರಿನವರ ಬಾಯಲ್ಲಿ ಅದು ಸಿಎಫ್‌ಟಿಆರ್‌ಐ. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಇಲ್ಲಿ ರೂಪುಗೊಂಡು ಅಮುಲ್ ಮೂಲಕ ದೇಶದ ಮನೆಗಳಿಗೆ ಹೋದದ್ದು ಈ ಸಂಸ್ಥೆಯ ಹೆಸರಾಂತ ಕತೆ.

ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಮುಖ ಹಿಟ್ಟು ಮತ್ತು ಬೇಕರಿಯದು. ಗೋಧಿ ಬೀಸುವುದು, ಬ್ರೆಡ್ಡು-ಬಿಸ್ಕತ್ತು-ಕೇಕು ಬೇಯಿಸುವುದು, ಮಿಠಾಯಿ ಮಾಡುವುದು, ಈ ಮೂರನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವ ವಿಭಾಗ ಇಲ್ಲಿದೆ. ಸ್ವಿಟ್ಜರ್ಲೆಂಡಿನ ನೆರವಿನಿಂದ ಬಂದ ಅಂತರರಾಷ್ಟ್ರೀಯ ಮಿಲ್ಲಿಂಗ್ ತಂತ್ರಜ್ಞಾನ ಶಾಲೆಯೂ ಇದೇ ಆವರಣದಲ್ಲಿದೆ. ರೋಲರ್ ಮಿಲ್ಲು ನಡೆಸುವುದನ್ನು ಕಲಿಯಲು ಹೊರದೇಶದವರೂ ಇಲ್ಲಿಗೆ ಬರುತ್ತಾರೆ.

ಮನೆಯಲ್ಲಿ ಚಪಾತಿ ಹಿಟ್ಟು ನಾದುವವರು ಬೆರಳಲ್ಲೇ ಹದ ತಿಳಿಯುತ್ತಾರೆ. ಆ ಬೆರಳಿನ ಕೆಲಸವನ್ನು ಇಲ್ಲಿ ಯಂತ್ರಗಳು ಮಾಡುತ್ತವೆ. ಫ್ಯಾರಿನೋಗ್ರಾಫ್ ಹಿಟ್ಟು ನಾದುತ್ತಲೇ ಅದು ಎಷ್ಟು ನೀರು ಹಿಡಿಯಿತು, ಎಷ್ಟು ಹೊತ್ತು ಗಟ್ಟಿಯಾಗಿ ನಿಂತಿತು ಎಂಬುದನ್ನು ಗೆರೆಯಾಗಿ ಬರೆಯುತ್ತದೆ. ಎಕ್ಸ್‌ಟೆನ್ಸೋಗ್ರಾಫ್ ಕಣಕವನ್ನು ಹರಿಯುವವರೆಗೆ ಎಳೆದು ನೋಡುತ್ತದೆ. ಬೆಂದ ಕೇಕಿನ ಗಾತ್ರ ಅಳೆಯಲು ಬೇಕರಿ ಪ್ರಯೋಗಾಲಯಗಳಲ್ಲಿ ಹಳೆಯದೊಂದು ಉಪಾಯವಿದೆ. ಕೇಕನ್ನು ಡಬ್ಬಿಯಲ್ಲಿಟ್ಟು, ಉಳಿದ ಜಾಗಕ್ಕೆ ಸಾಸಿವೆ ಜಾತಿಯ ಸಣ್ಣ ಬೀಜ ಸುರಿಯುತ್ತಾರೆ. ಖಾಲಿ ಡಬ್ಬಿಗೆ ಹಿಡಿಯುತ್ತಿದ್ದ ಬೀಜದಲ್ಲಿ ಹೊರಗುಳಿದ ಪ್ರಮಾಣವೇ ಕೇಕಿನ ಗಾತ್ರ.

ಹಿಪ್ಪೆಯಿಂದ ಕೇಕು

ಸೇಬಿನ ರಸ ಹಿಂಡುವ ಕಾರ್ಖಾನೆಗಳಲ್ಲಿ ಸಿಪ್ಪೆ, ತಿರುಳು, ಬೀಜ ಸೇರಿದ ಹಿಪ್ಪೆ ರಾಶಿಯಾಗಿ ಉಳಿಯುತ್ತದೆ. ಒದ್ದೆಯಾಗಿರುವುದರಿಂದ ಬೇಗ ಹುಳಿಯುತ್ತದೆ, ಎಸೆಯುವುದೇ ತಲೆನೋವು. ಸಿಎಫ್‌ಟಿಆರ್‌ಐನ ಎಂ.ಎಲ್. ಸುಧಾ, ವಿ. ಭಾಸ್ಕರನ್, ಕೆ. ಲೀಲಾವತಿ ಅವರು ಈ ಹಿಪ್ಪೆಯನ್ನು ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಗೋಧಿ ಹಿಟ್ಟಿಗೆ ಬೆರೆಸಿ ಕೇಕು ಬೇಯಿಸಿದರು. ಅವರ ಪ್ರಬಂಧ 2007ರಲ್ಲಿ ‘ಫುಡ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಿಪ್ಪೆಯ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 51.1ರಷ್ಟು ನಾರಿನಂಶವಿತ್ತು. ನಾರು ನೀರು ಕುಡಿಯುತ್ತದೆ. ಶೇ 15ರಷ್ಟು ಪುಡಿ ಬೆರೆಸಿದಾಗ ಹಿಟ್ಟು ಹೀರುವ ನೀರು ಶೇ 60.1ರಿಂದ 70.6ಕ್ಕೆ ಏರಿತು. 127 ಮಿಲಿಮೀಟರ್ ಹಿಗ್ಗುತ್ತಿದ್ದ ಕಣಕ 51 ಮಿಲಿಮೀಟರಿಗೇ ಹರಿಯಿತು. ಪುಡಿಯ ಪ್ರಮಾಣವನ್ನು ಶೇ 30ಕ್ಕೆ ಒಯ್ದಾಗ ಕೇಕಿನ ಗಾತ್ರ 850 ಘನ ಸೆಂಟಿಮೀಟರಿನಿಂದ 620ಕ್ಕೆ ಕುಗ್ಗಿತು.

ಬೇಕರಿಯವರ ಕಣ್ಣಿಗೆ ಇದು ನಷ್ಟ. ಆದರೆ ಇನ್ನೊಂದು ತಟ್ಟೆಯಲ್ಲಿ ಇದ್ದದ್ದೂ ಕಡಿಮೆಯಲ್ಲ. ಶೇ 25ರಷ್ಟು ಹಿಪ್ಪೆಪುಡಿ ಹಾಕಿದ ಕೇಕಿನಲ್ಲಿ ನಾರಿನಂಶ ಶೇ 14.2 ಇತ್ತು. ಸಾದಾ ಕೇಕಿನಲ್ಲಿ ಗ್ರಾಮಿಗೆ 2.07 ಮಿಲಿಗ್ರಾಂ ಇದ್ದ ಫಿನಾಲ್‌ಗಳು 3.15ಕ್ಕೆ ಏರಿದ್ದವು. ಹಣ್ಣಿನ ಘಮ ಪುಡಿಯಲ್ಲೇ ಇದ್ದುದರಿಂದ ಬಾಟಲಿಯ ಎಸೆನ್ಸ್ ಹಾಕುವ ಅಗತ್ಯವೂ ತಪ್ಪಿತು. ಮರುವರ್ಷ ಇದೇ ಸಂಸ್ಥೆಯಿಂದ ಮಾವಿನ ಸಿಪ್ಪೆಯ ಪುಡಿ ಸೇರಿಸಿದ ಬಿಸ್ಕತ್ತಿನ ಅಧ್ಯಯನವೂ ಹೊರಬಂತು.

ಮೊಟ್ಟೆಯ ಪ್ರಶ್ನೆಯನ್ನೂ ಮೈಸೂರು ಬಿಟ್ಟಿಲ್ಲ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಅಯ್ಯಂಗಾರ್ ಬೇಕರಿಗಳು ಊರೂರಿಗೆ ಹಬ್ಬಿದವು, ಮೊಟ್ಟೆಯಿಲ್ಲದ ಕೇಕೂ ಅವುಗಳ ಜೊತೆ ನಡೆಯಿತು. ಆದರೆ ಮೊಟ್ಟೆ ತೆಗೆದರೆ ಕೇಕು ಕುಸಿಯುವುದು, ಪುಡಿಪುಡಿಯಾಗುವುದು ಬೇಕರಿಯವರ ಹಳೆಯ ಗೋಳು. 2009ರಲ್ಲಿ ಸಿಎಫ್‌ಟಿಆರ್‌ಐನ ತಂಡವೊಂದು ಮೊಟ್ಟೆಯಿಲ್ಲದ ಕೇಕಿಗೆ ಗೌರ್ ಅಂಟು, ಜ್ಯಾಂಥನ್ ಮುಂತಾದ ಅಂಟುಗಳನ್ನೂ ಎಮಲ್ಸಿಫೈಯರ್‌ಗಳನ್ನೂ ಒಂದೊಂದಾಗಿ ಹಾಕಿ ಪರೀಕ್ಷಿಸಿತು. ಮನೆಯಲ್ಲಿ ಇವನ್ನೆಲ್ಲ ಹುಡುಕಿ ತರುವ ಅಗತ್ಯವಿಲ್ಲ. ಸೇಬಿನಲ್ಲೇ ಪೆಕ್ಟಿನ್ ಎಂಬ ಅಂಟು ಇದೆ. ಅದು ನೀರನ್ನು ಬಿಟ್ಟುಕೊಡದೆ ಹಿಡಿದಿಡುವುದರಿಂದ ಸೇಬಿನ ಕೇಕು ಮಾರನೆಯ ದಿನವೂ ಒಣಗುವುದಿಲ್ಲ.

ಯಾವ ಸೇಬು, ಎಂಥ ಮಸಾಲೆ

ಅಮೆರಿಕದಿಂದ ಬಂದು ಹಿಮಾಚಲದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಕೋಟ್‌ಗಢದ ಬಳಿ ರೆಡ್ ಡೆಲಿಶಿಯಸ್ ಗಿಡಗಳನ್ನು ನೆಟ್ಟರು. ಇಂದು ಮೈಸೂರಿನ ಗಾಡಿಗಳಲ್ಲಿ ಸಿಗುವ ಕೆಂಪು ಸೇಬಿನ ಬಹುಪಾಲು ಅದೇ ಬಳಗದ್ದು. ತಿನ್ನಲು ಸಿಹಿ, ಆದರೆ ಹುಳಿ ಕಡಿಮೆ, ಬೆಂದರೆ ಕರಗಿಹೋಗುವ ಗುಣ. ಕೇಕಿಗೆ ಹುಳಿಯೂ ಬೇಕು, ಕಾವಿಗೆ ತಡೆದು ನಿಲ್ಲುವ ಗಟ್ಟಿತನವೂ ಬೇಕು. ಹಸಿರು ಸೇಬಿನಲ್ಲಿ ಎರಡೂ ಇವೆ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಕೆಂಪು ಸೇಬಿನಲ್ಲೇ ಮಾಡುವವರು ಅರ್ಧ ನಿಂಬೆಹಣ್ಣಿನ ರಸ ಸೇರಿಸಿದರೆ ಸಾಕು. ಹೆಚ್ಚಿದ ಹೋಳು ಕಪ್ಪಾಗುವುದನ್ನೂ ಅದು ತಡೆಯುತ್ತದೆ.

ಒಂದು ಕಾಲಕ್ಕೆ ಸೇಬು ಇಷ್ಟು ದೂರದಿಂದಲೇ ಬರಬೇಕಿರಲಿಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ, ಬೆಂಗಳೂರಿನ ತೋಟಗಳಲ್ಲಿ ರೋಮ್ ಬ್ಯೂಟಿ ಎಂಬ ತಳಿಯ ಸೇಬು ಬೆಳೆಯುತ್ತಿತ್ತು. ಬೇಯಿಸಿದಾಗ ಆಕಾರ ಕೆಡದಿರುವುದು ಆ ತಳಿಯ ಹೆಗ್ಗಳಿಕೆ. ಈಗ ಆ ತೋಟಗಳಿಲ್ಲ.

ಮಸಾಲೆಯ ವಿಷಯದಲ್ಲಿ ಕನ್ನಡನಾಡು ಯಾರಿಗೂ ಕೈಚಾಚಬೇಕಿಲ್ಲ. ಏಲಕ್ಕಿ ಕೊಡಗು, ಸಕಲೇಶಪುರದಿಂದ ಬರುತ್ತದೆ, ಜಾಯಿಕಾಯಿ ಕರಾವಳಿಯ ಅಡಕೆ ತೋಟಗಳ ನೆರಳಿನಿಂದ. ಚಕ್ಕೆ ಕೊಳ್ಳುವಾಗ ಮಾತ್ರ ಸ್ವಲ್ಪ ನೋಡಿ ಕೊಳ್ಳಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ, ಒರಟು ತೊಗಟೆ ಕ್ಯಾಸಿಯ ಜಾತಿಯದು, ಖಾರ ಜಾಸ್ತಿ. ತೆಳ್ಳಗೆ ಪದರಪದರವಾಗಿ ಸುತ್ತಿಕೊಂಡ, ಬೆರಳಲ್ಲಿ ಒತ್ತಿದರೆ ಮುರಿಯುವ ದಾಲ್ಚಿನ್ನಿಯ ಘಮ ಮೃದು, ಕೇಕಿಗೆ ಅದೇ ಮೇಲು. ಚಕ್ಕೆಯ ಸಾರ ಯೀಸ್ಟನ್ನು ಮಂಕು ಮಾಡುತ್ತದೆ ಎಂದು ಬ್ರೆಡ್ ಮಾಡುವವರು ಅದನ್ನು ಅಳೆದು ಹಾಕುತ್ತಾರೆ. ಈ ಕೇಕನ್ನು ಉಬ್ಬಿಸುವುದು ಸೋಡಾ ಆದ್ದರಿಂದ ಆ ಚಿಂತೆಯಿಲ್ಲ.

ಭಾರತದಲ್ಲಿ ಮಸಾಲೆ ಕೇಕಿನ ಹಳೆಯ ಕತೆಯೊಂದೂ ನೆರೆಯ ಊರಿನದೇ. ಮೈಸೂರಿನಿಂದ ಕೊಡಗು ದಾಟಿ ಘಟ್ಟ ಇಳಿದರೆ ತಲಶ್ಶೇರಿ. ಅಲ್ಲಿ ಬಿಸ್ಕತ್ ಕಾರ್ಖಾನೆ ನಡೆಸುತ್ತಿದ್ದ ಮಾಂಬಳ್ಳಿ ಬಾಪು ಅವರ ಬಳಿಗೆ 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟಗಾರ ಇಂಗ್ಲೆಂಡಿನ ಕ್ರಿಸ್ಮಸ್ ಕೇಕಿನ ಮಾದರಿ ತಂದುಕೊಟ್ಟು, ಇಂಥದೇ ಮಾಡಿಕೊಡಿ ಎಂದನಂತೆ. ಬಾಪು ಫ್ರೆಂಚ್ ಬ್ರಾಂದಿಯ ಬದಲು ಗೇರುಹಣ್ಣು, ಬಾಳೆಹಣ್ಣಿನ ಮದ್ಯ ಬಳಸಿ, ಮಲಬಾರಿನ ಮಸಾಲೆ ಹಾಕಿ ಬೇಯಿಸಿಕೊಟ್ಟರು ಎಂಬುದು ಅಲ್ಲಿನ ಬೇಕರಿ ಮನೆತನದವರು ಹೇಳುತ್ತ ಬಂದಿರುವ ಕತೆ. ಬ್ರೌನ್‌ನ ತೋಟವಿದ್ದದ್ದು ದಾಲ್ಚಿನ್ನಿಗೆ ಹೆಸರಾದ ಅಂಜರಕಂಡಿಯಲ್ಲಿ.

ಕುಕ್ಕರಿನಲ್ಲೂ ಬೇಯುತ್ತದೆ

ಎರಡು ಮಧ್ಯಮ ಗಾತ್ರದ ಸೇಬು, ಸುಮಾರು 300 ಗ್ರಾಂ. ಒಂದನ್ನು ಸಿಪ್ಪೆಸಮೇತ ತುರಿಯುವುದು, ಇನ್ನೊಂದನ್ನು ಸಣ್ಣ ಹೋಳು ಮಾಡುವುದು. ಸಂಶೋಧನೆಯಲ್ಲಿ ಕಂಡ ನಾರಿನ ದೊಡ್ಡ ಪಾಲು ಇರುವುದು ಸಿಪ್ಪೆ ಮತ್ತು ತಿರುಳಿನಲ್ಲಿ, ಆದ್ದರಿಂದ ಸಿಪ್ಪೆ ಬಿಸಾಡಬೇಡಿ. ಹಣ್ಣನ್ನು ಚೆನ್ನಾಗಿ ತೊಳೆದು ಒರೆಸಿದರಾಯಿತು. ಬೀಜ ಮಾತ್ರ ತೆಗೆಯಬೇಕು.

200 ಗ್ರಾಂ ಮೈದಾಕ್ಕೆ ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಒಂದೂವರೆ ಚಮಚ ದಾಲ್ಚಿನ್ನಿ ಪುಡಿ, ಅರ್ಧ ಚಮಚ ಒಣಶುಂಠಿ ಪುಡಿ, ಕಾಲು ಚಮಚ ಜಾಯಿಕಾಯಿ ತುರಿ, ಎರಡು ಲವಂಗದ ಪುಡಿ ಸೇರಿಸಿ ಎರಡು ಸಲ ಜರಡಿ ಹಿಡಿಯುವುದು. ಬೇರೊಂದು ಪಾತ್ರೆಯಲ್ಲಿ 150 ಗ್ರಾಂ ಪುಡಿಬೆಲ್ಲ, ಅರ್ಧ ಬಟ್ಟಲು ಮೊಸರು, 90 ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, ಅರ್ಧ ನಿಂಬೆಯ ರಸ ಹಾಕಿ ಬೆಲ್ಲ ಕರಗುವವರೆಗೆ ಕಲಕುವುದು. ಬೆಲ್ಲಕ್ಕೆ ಪಕ್ಕದ ಮಂಡ್ಯವಿದೆ. ರಾಸಾಯನಿಕ ಹಾಕಿ ಬಿಳುಪು ಮಾಡಿದ್ದಕ್ಕಿಂತ ಕಪ್ಪು ಬೆಲ್ಲ ಈ ಕೇಕಿನ ಬಣ್ಣಕ್ಕೂ ರುಚಿಗೂ ಒಗ್ಗುತ್ತದೆ.

ಇಲ್ಲಿ ನೀರಿನ ಲೆಕ್ಕ ಗಮನಿಸಬೇಕು. ಪ್ರಯೋಗಾಲಯದ ಒಣ ಹಿಪ್ಪೆ ನೀರು ಕುಡಿಯಿತು, ಹಸಿ ಸೇಬು ನೀರು ಬಿಡುತ್ತದೆ. ಅದರ ತೂಕದಲ್ಲಿ ನೂರಕ್ಕೆ 85ರಷ್ಟು ನೀರೇ. ಹಾಗಾಗಿ ತುರಿಯನ್ನು ರಸದ ಸಮೇತ ಬೆಲ್ಲದ ಮಿಶ್ರಣಕ್ಕೆ ಹಾಕಿ ಐದು ನಿಮಿಷ ಬಿಟ್ಟು, ಆಮೇಲೆ ಹಿಟ್ಟು ಬೆರೆಸುವುದು ಲೇಸು. ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಚಮಚದಿಂದ ನಿಧಾನವಾಗಿ ಬೀಳುವಂತಿದ್ದರೆ ಹದ ಸರಿ. ಗಿರಣಿಯ ಗೋಧಿ ಹಿಟ್ಟಿನಲ್ಲಿ ಮಾಡುವವರು ಎರಡು-ಮೂರು ದೊಡ್ಡ ಚಮಚ ಹಾಲು ಹೆಚ್ಚು ಹಾಕಬೇಕು. ಕಲ್ಲಿನ ನಡುವೆ ಬೀಸುವಾಗ ಗೋಧಿಯ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗಿ, ಆ ಹಿಟ್ಟು ರೋಲರ್ ಮಿಲ್ಲಿನ ಮೈದಾಗಿಂತ ಹೆಚ್ಚು ನೀರು ಹೀರುತ್ತದೆ.

ಹಿಟ್ಟು ಹಾಕಿದ ಮೇಲೆ ಹೆಚ್ಚು ಕಲಕಿದರೆ ಕೇಕು ಜಿಗಟಾಗುತ್ತದೆ. ಒಣ ಹಿಟ್ಟು ಕಾಣದಷ್ಟಾದರೆ ಕೈ ನಿಲ್ಲಿಸಿ, ಹೋಳುಗಳನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಸೇರಿಸಬೇಕು. ಹೀಗೆ ಮಾಡಿದರೆ ಅವು ತಳಕ್ಕೆ ಇಳಿಯುವುದು ಕಡಿಮೆ. ಮೊಸರು, ನಿಂಬೆ, ಸೇಬು ಮೂರರ ಹುಳಿಯೂ ಸೋಡಾದೊಡನೆ ಸೇರಿದ ಕ್ಷಣದಿಂದ ಗಾಳಿಗುಳ್ಳೆ ಏಳಲು ತೊಡಗುತ್ತವೆ. ಕಲಸಿಟ್ಟು ಕಾಯುವಂತಿಲ್ಲ, ಓವನ್ ಅಥವಾ ಕುಕ್ಕರ್ ಮೊದಲೇ ಬಿಸಿಯಾಗಿರಬೇಕು.

ಓವನ್ ಇದ್ದರೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 50 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಕುಕ್ಕರಿಗೆ ಒಂದಿಂಚು ಕಲ್ಲುಪ್ಪು ಸುರಿದು, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಹತ್ತು ನಿಮಿಷ ಕಾಯಿಸಬೇಕು. ನೀರು ಹಾಕಕೂಡದು. ಕುಕ್ಕರ್ ಕಂಪನಿಯ ಕೈಪಿಡಿ ಇಂಥ ಬಳಕೆಗೆ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. ಹಳೆಯ ದಪ್ಪ ಪಾತ್ರೆ ಮತ್ತು ಭಾರದ ಮುಚ್ಚಳದಲ್ಲೂ ಇದೇ ಕೆಲಸ ಆಗುತ್ತದೆ. ಬೆಣ್ಣೆ ಸವರಿ ಮೈದಾ ಉದುರಿಸಿದ ಎಂಟಿಂಚಿನ ಟಿನ್ನಿಗೆ ಹಿಟ್ಟು ಹುಯ್ದು ಒಳಗಿಟ್ಟರೆ ಸಣ್ಣ ಉರಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ಇಣುಕಬಾರದು. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ. ಸೇಬಿನ ಹೋಳಿಗೆ ತಾಗಿದರೆ ಕಡ್ಡಿ ಒದ್ದೆಯಾಗುತ್ತದೆ, ಅದಕ್ಕೆ ಹೆದರಿ ಇನ್ನಷ್ಟು ಬೇಯಿಸಬೇಡಿ, ಬೇರೆ ಜಾಗದಲ್ಲಿ ಚುಚ್ಚಿ ನೋಡಿ.

ಬಿಸಿಬಿಸಿಯಾಗಿ ಕತ್ತರಿಸಿದರೆ ಈ ಕೇಕು ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆ ಹೋಳು ಚೊಕ್ಕವಾಗಿ ಬರುತ್ತದೆ. ಮಸಾಲೆ ಹದಗೊಳ್ಳುವುದರಿಂದ ಎರಡನೆಯ ದಿನದ ರುಚಿ ಮೊದಲ ದಿನಕ್ಕಿಂತ ಚೆನ್ನ. ಅಂಗಡಿಯ ಐಸಿಂಗ್ ಕೇಕಿನಷ್ಟು ಇದು ಎತ್ತರಕ್ಕೆ ಏಳುವುದಿಲ್ಲ, ನುಣುಪೂ ಇರುವುದಿಲ್ಲ. ಆದರೆ ಫಿಲ್ಟರ್ ಕಾಫಿಯ ಜೊತೆಗೆ ಅದಕ್ಕಿಂತ ಇದೇ ವಾಸಿ.

ಮನೆಯ ಹವ್ಯಾಸವನ್ನು ಕಸುಬಾಗಿಸಿಕೊಳ್ಳಬೇಕೆನ್ನುವವರು ಸಿಎಫ್‌ಟಿಆರ್‌ಐ ನಡೆಸುವ ಬೇಕರಿ ತಿನಿಸುಗಳ ಅಲ್ಪಾವಧಿ ತರಬೇತಿಯ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು. ಮಾರಾಟಕ್ಕೆ ಇಳಿಯುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯ. ಮನೆಮಟ್ಟಿಗೆ ಮಾಡುವವರು ನೆನಪಿಡಬೇಕಾದದ್ದು ಒಂದೇ: ಹಸಿ ಹಣ್ಣಿನ ತೇವವಿರುವುದರಿಂದ ದಸರಾ ಕಾಲದ ಮೋಡದ ಹವೆಯಲ್ಲಿ ಈ ಕೇಕಿಗೆ ಬೇಗ ಬೂಸ್ಟು ಹಿಡಿಯುತ್ತದೆ. ಎರಡು ದಿನದಲ್ಲಿ ತಿಂದು ಮುಗಿಸಿ, ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.