ಆಯಿಯ ತೂಕ ನೋಡಿದ್ದು ಯಾವಾಗ?

ನವೆಂಬರ್ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದೇ ಸಾಲು. ಕಾರ್ಖಾನೆಯ ಕಾಟಾದಲ್ಲಿ ಒಂದು ಕ್ವಿಂಟಲ್ ಕಡಿಮೆ ಬಂದರೂ ರೈತ ಸುಮ್ಮನಿರುವುದಿಲ್ಲ. ಮೊಮ್ಮಗುವಿನ ತೂಕವನ್ನು ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಬರೆದಿಡುತ್ತಾರೆ. ಅದೇ ಮನೆಯ ಎಪ್ಪತ್ತು ದಾಟಿದ ಆಯಿ ಸೊರಗಿದರೆ ಮಾತ್ರ ‘ವಯಸ್ಸಾತು ಬಿಡ್ರಿ’ ಅಂದುಬಿಡುತ್ತೇವೆ. 50 ಕಿಲೋ ಇದ್ದವರು ಆರು ತಿಂಗಳಲ್ಲಿ 45ಕ್ಕೆ ಇಳಿದರೆ ಅದು ವಯಸ್ಸಿನ ಗುಣವಲ್ಲ, ಅಪೌಷ್ಟಿಕತೆಯ ಲಕ್ಷಣ.

ತಕ್ಕಡಿಗಿಂತ ಮೊದಲೇ ಮೈ ಹೇಳುತ್ತದೆ. ಬಳೆ ಮೊಣಕೈವರೆಗೆ ಜಾರುತ್ತದೆ, ಕುಪ್ಪಸ ಜೋಲುತ್ತದೆ, ಹಲ್ಲಿನ ಸೆಟ್ ಅಲುಗಾಡುತ್ತದೆ. ಗಾಯ ಬೇಗ ಮಾಯುವುದಿಲ್ಲ. ಕೈಯೂರದೆ ಏಳಲಾಗುವುದಿಲ್ಲ. ಟೇಲರ್ ಟೇಪಿನಿಂದ ಮೀನಖಂಡದ ದಪ್ಪ ಭಾಗ ಅಳೆಯಿರಿ. 31 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಎಚ್ಚರವಾಗಬೇಕು. ಕಾಲು ಬಾತಿದ್ದರೆ ಈ ಅಳತೆ ನಂಬುವಂತಿಲ್ಲ.

ಆದರೆ ನಿಜವಾಗಿ ನೋಡಬೇಕಾದದ್ದು ತಾಟನ್ನು. ಹಲ್ಲು ಹೋದ ಆಯಿ ಮೊದಲು ರೊಟ್ಟಿಯ ಅಂಚು ಬಿಡುತ್ತಾಳೆ, ಆಮೇಲೆ ರೊಟ್ಟಿಯನ್ನೇ ಬಿಡುತ್ತಾಳೆ. ರೊಟ್ಟಿ ಹೋದರೆ ಅದರ ಜೊತೆಗಿದ್ದ ಝುಣಕ, ಮಡಕಿಕಾಳು, ಶೇಂಗಾ ಹಿಂಡಿಯೂ ಹೋದವು. ಉಳಿದದ್ದು ರೇಷನ್ ಅಕ್ಕಿಯ ಅನ್ನ, ತಿಳಿ ಸಾರು, ಚಹಾದಲ್ಲಿ ಅದ್ದಿದ ಟೋಸ್ಟು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಹಿಡಕಲ್ ಡ್ಯಾಮಿನ ನೀರು ಹರಿದಲ್ಲೆಲ್ಲ ಕಬ್ಬು ಬಂತು. ಹೊಲದಲ್ಲೇ ಸಿಗುತ್ತಿದ್ದ ಕಾಳನ್ನು ಈಗ ಸಂತೆಯಲ್ಲಿ ಕೊಳ್ಳಬೇಕು. ಮನೆಮಂದಿ ಹೊಲಕ್ಕೆ ಹೋದ ಮೇಲೆ ಒಬ್ಬರೇ ಉಣ್ಣುವವರಿಗೆ ಊಟವೂ ಸೇರುವುದಿಲ್ಲ. ‘ನನಗ ಹಸಿವಿಲ್ಲವಾ, ನೀವು ಉಣ್ರಿ’ ಎಂಬ ಮಾತು ದಿನವೂ ಕೇಳಿಬಂದರೆ ಅದನ್ನು ತ್ಯಾಗವೆಂದು ಮೆಚ್ಚಿಕೊಳ್ಳಬಾರದು.

ಸಕ್ಕರೆ ಕಾಯಿಲೆಯವರು ಹೆದರಿ ಎಲ್ಲವನ್ನೂ ಬಿಡುವುದುಂಟು. ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು. ನಾಲಿಗೆ ಉರಿ, ಕಾಲು ಜೋಮು, ಮರೆವು ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ದಪ್ಪ ಮೈಯವರಿಗೂ ಅಪೌಷ್ಟಿಕತೆ ಬರಬಹುದು.

ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಲಿ. ಬಿಸಿ ರೊಟ್ಟಿಯ ಮುಟಗಿಗೆ ತುಪ್ಪ, ಸಣ್ಣಗೆ ಕುಟ್ಟಿದ ಶೇಂಗಾ ಹಿಂಡಿ ಕಲಸಿ ಕೊಡಿ. ಮಜ್ಜಿಗೆ ಹಾಕಿದ ಜೋಳದ ನುಚ್ಚು, ಮೆತ್ತಗೆ ಬೆಂದ ಹೆಸರುಬೇಳೆ, ತಿನ್ನುವವರಿಗೆ ತತ್ತಿ, ಯಾವುದಕ್ಕೂ ಹಲ್ಲು ಬೇಡ. ಬಾಣಂತಿಗೆಂದು ಅಂಟಿನುಂಡಿ ಕಟ್ಟುವ ಕೈ ಆಯಿಯ ತಾಟನ್ನೂ ನೆನೆಯಲಿ.

ಬಿಪಿ ಗುಳಿಗೆ ತರಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಆಯಿಯನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಂಕಿಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮೂರು ತಿಂಗಳಲ್ಲಿ 3 ಕಿಲೋ ಇಳಿದಿದ್ದರೆ ಟಾನಿಕ್ ಬಾಟಲಿ ಕೇಳಬೇಡಿ. ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಮನಸ್ಸಿನ ಖಿನ್ನತೆ, ಇವುಗಳ ತಪಾಸಣೆ ಕೇಳಿ.